ತಾಳಮದ್ದಳೆಯ ಕ್ಯಾಸೆಟ್ಟಿಗೆ ಶ್ರುತಿ ಹುಡುಕಿದ ಬಗೆ

ಕಾಸರಗೋಡಿನ ಕುಂಬಳೆ, ಬದಿಯಡ್ಕ, ಪೆರ್ಲ ಕಡೆಯ ಮನೆಗಳ ಅಟ್ಟದಲ್ಲಿ ತಾಳಮದ್ದಳೆಯ, ಅಂದರೆ ವೇಷ ಕುಣಿತವಿಲ್ಲದೆ ಕೂತು ಹಾಡು ಮಾತುಗಳಲ್ಲೇ ನಡೆಸುವ ಯಕ್ಷಗಾನದ, ಹಳೇ ಕ್ಯಾಸೆಟ್ಟುಗಳು ಇನ್ನೂ ಉಳಿದಿವೆ. ಅವನ್ನು ಕಂಪ್ಯೂಟರಿಗೆ ಇಳಿಸಿಕೊಡುವುದು ನನ್ನ ಕೆಲಸ. ಅದಕ್ಕೆ ಒದಗುವ ಸಾಫ್ಟ್‌ವೇರ್ ಹುಡುಕಿಕೊಂಡು ನೇತ್ರಾವತಿ ರೈಲು ಹತ್ತಿ ಮುಂಬೈಗೆ, ಗೋರೆಗಾಂವ್‌ನಲ್ಲಿ ನಡೆಯುವ ಧ್ವನಿ ಉಪಕರಣಗಳ ಮೇಳ ಪಾಮ್ ಎಕ್ಸ್‌ಪೋಗೆ ಹೋಗಿದ್ದೆ. ಜನ ಮುಗಿಬೀಳುವುದು ಲೈನ್ ಅರೇ ಸ್ಪೀಕರುಗಳ ಮುಂದೆ. ನಾನು ಮೂಲೆಯ ಸಣ್ಣ ಸ್ಟಾಲುಗಳಲ್ಲೇ ನಿಂತೆ. ಪೆನ್‌ಡ್ರೈವಿನಲ್ಲಿ ತೀರಾ ಕೆಟ್ಟುಹೋದ ಕ್ಯಾಸೆಟ್ಟಿನ ಒಂದು ತುಣುಕು, ಕೈಯಲ್ಲಿ ನನ್ನದೇ ಹೆಡ್‌ಫೋನ್. ಅವರೇ ಆರಿಸಿಟ್ಟ ಡೆಮೊದಲ್ಲಿ ಎಲ್ಲ ಸಾಫ್ಟ್‌ವೇರೂ ಸೊಗಸಾಗಿಯೇ ಕೇಳುತ್ತದೆ.

ಒಂದು ಸ್ಟಾಲಿನ ಹುಡುಗ ತುಣುಕು ಕೇಳಿದವನೇ ಮಾರಾಟದ ಮಾತು ಬಿಟ್ಟು, ತನ್ನ ಲ್ಯಾಪ್‌ಟಾಪಿನಲ್ಲಿದ್ದ ಸೋನಿಕ್ ವಿಶುವಲೈಸರ್ ತೆರೆದ. ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದಲ್ಲಿ ಸಿದ್ಧವಾದ, ಧ್ವನಿಯನ್ನು ಚಿತ್ರವಾಗಿ ತೋರಿಸುವ ಉಚಿತ ಸಾಫ್ಟ್‌ವೇರ್ ಅದು. ನಾನು ನೋಡಿದ ಯಾವ ಬೋರ್ಡಿನಲ್ಲೂ ಅದರ ಹೆಸರಿರಲಿಲ್ಲ. ಅಂದಿನಿಂದ ನಾನು ಡೆಮೊ ಕೊಡುವವರನ್ನು ಕೇಳುವುದು ಒಂದೇ: ನೀವು ಸ್ವಂತ ಕೆಲಸಕ್ಕೆ ಏನು ಬಳಸುತ್ತೀರಿ?

ಕ್ಯಾಸೆಟ್ಟಿನ ದೊಡ್ಡ ತೊಂದರೆ ವೇಗದ್ದು. ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕಾದ ಟೇಪು ಹೆಚ್ಚುಕಡಿಮೆ ಓಡಿದರೆ ಹಾಡುವ ಭಾಗವತರ ಶ್ರುತಿಯೇ ಬೇರೆಯಾಗುತ್ತದೆ. ಇದನ್ನು ಸರಿಪಡಿಸಲೆಂದೇ ಮ್ಯೂನಿಕ್‌ನ ಸೆಲೆಮೊನಿ ಕಂಪನಿಯವರು ಕ್ಯಾಪ್‌ಸ್ಟನ್ ಎಂಬ ಸಾಫ್ಟ್‌ವೇರ್ ಮಾಡಿದ್ದಾರೆ, ಆದರೆ ಅದರ ಬೆಲೆ ನಮ್ಮಂಥವರಿಗಲ್ಲ.

ನಾನು ಮಾಡುವುದು ಹೀಗೆ. ಸೋನಿಕ್ ವಿಶುವಲೈಸರಿನಲ್ಲಿ ಸ್ಪೆಕ್ಟ್ರೋಗ್ರಾಮ್ (ಯಾವ ಕ್ಷಣದಲ್ಲಿ ಯಾವ ಸ್ವರ ಎಷ್ಟಿದೆ ಎಂದು ತೋರಿಸುವ ಚಿತ್ರ) ಹಾಕಿ, ಹತ್ತಿರದ ಸ್ವರಗಳು ಬೇರೆಬೇರೆಯಾಗಿ ಕಾಣಲೆಂದು ವಿಂಡೋ ಸೈಜನ್ನು 32768ಕ್ಕೆ ಏರಿಸಿ, ತೀರಾ ಕೆಳಭಾಗವನ್ನು ಹಿಗ್ಗಿಸಿ ನೋಡುತ್ತೇನೆ. ಮೈಕಿನ ಕರೆಂಟಿನ ಗುಂಯ್‌ಗುಡುವ ಸದ್ದು ಅಲ್ಲಿ ತೆಳ್ಳಗಿನ ಅಡ್ಡಗೆರೆಯಾಗಿ ಕಾಣುತ್ತದೆ. ನಮ್ಮ ಕರೆಂಟು 50 ಹರ್ಟ್ಸ್. ಒಂದು ಕ್ಯಾಸೆಟ್ಟಿನಲ್ಲಿ ಗೆರೆ 51.5ರ ಹತ್ತಿರ ಇತ್ತು, ಶ್ರುತಿ ಹಾರ್ಮೋನಿಯಂ ಮನೆಗಳಲ್ಲಿ ಕಪ್ಪು ಒಂದಕ್ಕೂ ಅದರ ಪಕ್ಕದ ಬಿಳಿ ಎರಡಕ್ಕೂ ನಡುವೆ. ಮೇಲಕ್ಕೆ ಸರಿಸಬೇಕೋ ಕೆಳಕ್ಕೋ? ಕ್ಯಾಸೆಟ್ಟಿನ ಕಾಲದಲ್ಲಿ ದಕ್ಷಿಣದ ವಿದ್ಯುತ್ ಗ್ರಿಡ್ ಹೆಚ್ಚಾಗಿ 50ಕ್ಕಿಂತ ಕೆಳಗೇ ಓಡುತ್ತಿದ್ದುದರಿಂದ ಟೇಪು ವೇಗವಾಗಿ ಓಡುತ್ತಿದೆ ಎಂಬುದು ಖಚಿತ. ಗೆರೆ ದಿಕ್ಕು ಹೇಳುತ್ತದೆ, ಎಷ್ಟು ಎಂಬುದನ್ನು ಹಾರ್ಮೋನಿಯಂ ಹೇಳಬೇಕು. ಆಡಾಸಿಟಿ ಎಂಬ ಉಚಿತ ಧ್ವನಿ ಸಂಪಾದನೆಯ ಸಾಫ್ಟ್‌ವೇರಿನಲ್ಲಿ ವೇಗ ಸುಮಾರು ಶೇ 3ರಷ್ಟು ಇಳಿಸಿದಾಗ ಶ್ರುತಿ ಕಪ್ಪು ಒಂದಕ್ಕೆ ಕೂತಿತು. ಅದೇ ಭಾಗವತರ ಬೇರೆ ಕ್ಯಾಸೆಟ್ಟುಗಳಲ್ಲೂ ಅದೇ ಶ್ರುತಿ. ಟೆಂಪೋ ಬದಲಿಸುವ ಎಫೆಕ್ಟ್ ಇದಕ್ಕೆ ಬೇಡ, ಅದು ಶ್ರುತಿಯನ್ನು ಇದ್ದಲ್ಲೇ ಬಿಡುತ್ತದೆ.

ಇದೆಲ್ಲದಕ್ಕೂ ಮೊದಲು ಡೆಕ್ಕಿನ ಹೆಡ್ಡನ್ನು ಸ್ಪಿರಿಟ್‌ನಲ್ಲಿ ಒರೆಸಿ, ಅದರ ಪುಟ್ಟ ಸ್ಕ್ರೂ ತಿರುಗಿಸಿ, ಚಕ್ರತಾಳದ ಕಂಚಿನ ಸದ್ದು ಅತಿ ಸ್ಪಷ್ಟವಾಗಿ ಕೇಳುವ ಜಾಗದಲ್ಲಿ ನಿಲ್ಲಿಸಬೇಕು. ಅಲ್ಲಿ ಕಳೆದುಕೊಂಡದ್ದನ್ನು ಯಾವ ಸಾಫ್ಟ್‌ವೇರೂ ಪೂರ್ತಿ ಮರಳಿಸುವುದಿಲ್ಲ.

ಚಟಪಟ ಸದ್ದು ತೆಗೆಯುವ ಡಿಕ್ಲಿಕ್ ಬಗ್ಗೆಯೂ ಎಚ್ಚರ ಬೇಕು. ಚೆಂಡೆಯ ಉರುಳಿಕೆಯ ಒಂದೊಂದು ಪೆಟ್ಟೂ ಅದಕ್ಕೆ ಟೇಪಿನ ದೋಷದಂತೆಯೇ ಕಾಣುತ್ತದೆ, ಅದು ಪೆಟ್ಟಿನ ಮೊನೆಯನ್ನೇ ತಿಂದುಹಾಕುತ್ತದೆ. ಹಾಗಾಗಿ ಅರ್ಥಗಾರಿಕೆಯ, ಅಂದರೆ ಮಾತಿನ, ಭಾಗಕ್ಕೆ ಮಾತ್ರ ಅದನ್ನು ಹಾಕುತ್ತೇನೆ, ಪದ (ಹಾಡು) ಬಂದಲ್ಲಿ ಚಟಪಟವನ್ನು ಹಾಗೆಯೇ ಬಿಡುತ್ತೇನೆ.