ಸೂಟ್‌ಕೇಸಿನಲ್ಲಿ ಬರುವ ಸೀಸ: ನ್ಯೂಜೆರ್ಸಿಗೆ ಹೊಸದಾಗಿ ಬಂದ ಮನೆಯವರಿಗೆ

ಮಗುವಿಗೆ ಒಂದು ವರ್ಷ ತುಂಬಿದಾಗ ಇಲ್ಲಿನ ಮಕ್ಕಳ ಡಾಕ್ಟರು ಸೀಸದ (ಲೆಡ್) ರಕ್ತಪರೀಕ್ಷೆ ಮಾಡಿಸಲು ಹೇಳುತ್ತಾರೆ. ಎರಡು ವರ್ಷಕ್ಕೆ ಇನ್ನೊಂದು ಸಲ. ನ್ಯೂಜೆರ್ಸಿಯಲ್ಲಿ ಇದು ಎಲ್ಲ ಮಕ್ಕಳಿಗೂ ಇರುವ ನಿಯಮ, ಗಾಬರಿ ಬೇಡ. ಮೂರು ನಾಲ್ಕು ವರ್ಷದ ಮಗುವನ್ನು ಕರೆದುಕೊಂಡು ಬಂದಿದ್ದರೆ ಈ ಪರೀಕ್ಷೆ ತಪ್ಪಿಹೋಗಿರುತ್ತದೆ. ಆಗ ನೀವೇ ಬಾಯಿಬಿಟ್ಟು ಕೇಳಿ.

ಡಾಕ್ಟರು ಮನೆ ಹಳೆಯದಾ, ಪೇಂಟ್ ಉದುರುತ್ತಿದೆಯಾ ಅಂತ ಕೇಳುತ್ತಾರೆ, ಹಳೆಯ ಪೇಂಟಿನಲ್ಲಿ ಸೀಸ ಇರಬಹುದು. ಊರಿಂದ ಏನೇನು ತಂದಿದ್ದೀರಿ ಅಂತ ಎಲ್ಲರೂ ಕೇಳುವುದಿಲ್ಲ. ಅದನ್ನು ನಾವೇ ಹೇಳಬೇಕು.

ನಮ್ಮ ಮನೆಯಲ್ಲಿ ಆದದ್ದನ್ನೇ ಹೇಳುತ್ತೇನೆ. ಮಗಳ ರಕ್ತದಲ್ಲಿ ಸೀಸ 8 ಮೈಕ್ರೋಗ್ರಾಮ್ ಬಂತು, 3.5 ಬಂದರೇ ಗಮನ ಕೊಡಬೇಕು. ಅಪಾರ್ಟ್‌ಮೆಂಟ್ ಹೊಸದು, ಗೋಡೆ ಕಿಟಕಿ ಎಲ್ಲ ಸರಿ ಇತ್ತು. ಆರೋಗ್ಯ ಇಲಾಖೆಯಿಂದ ಬಂದ ನರ್ಸ್ ಅಡುಗೆಮನೆಯಲ್ಲಿ ಕೂತು ಒಂದೊಂದೇ ಡಬ್ಬ, ಪಾತ್ರೆ ತೆಗೆಸಿ ನೋಡಿದರು. ನಾವು ದಿನಾ ಹುಣಸೆಹಣ್ಣು ಹಾಕಿ ಸಾರು ಕುದಿಸುತ್ತಿದ್ದದ್ದು ಊರಿಂದ ತಂದ ಹಿಂಡಾಲಿಯಂ (ಅಲ್ಯೂಮಿನಿಯಂ ಮಿಶ್ರಲೋಹ) ಪಾತ್ರೆಯಲ್ಲಿ. ಹುಳಿ ಬಿದ್ದರೆ ಅದರಲ್ಲಿರುವ ಸೀಸ ಬಿಡುತ್ತದೆ. ಆಕೆ ಒಮ್ಮೆಯೂ ನಮ್ಮನ್ನು ಬೈದ ಹಾಗೆ ಮಾತಾಡಲಿಲ್ಲ. ಸ್ಟೀಲ್ ಪಾತ್ರೆಗೆ ಬದಲಾಯಿಸಿದೆವು, ತಿಂಗಳುಗಳು ಕಳೆದಂತೆ ಅಂಕಿ ಇಳಿಯಿತು. 2025ರಲ್ಲಿ ಅಮೆರಿಕದ ಆಹಾರ, ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹಿಂಡಾಲಿಯಂ ಹೆಸರಿನಲ್ಲಿ ಬರುವ ಕೆಲವು ಆಮದು ಪಾತ್ರೆಗಳ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ಅದನ್ನು ಓದಿದಾಗ ನನಗೆ ಹೊಟ್ಟೆ ಚುರುಕ್ ಅಂದಿತು.

ಪಾತ್ರೆ ಒಂದೇ ಅಲ್ಲ. ಬಣ್ಣ ಎದ್ದು ಕಾಣಲಿ ಅಂತ ಸೀಸದ ಕ್ರೋಮೇಟ್ ಬೆರೆಸಿದ ಬಿಡಿ ಅರಿಶಿನಪುಡಿ, ಕೆಲವು ಕುಂಕುಮ, ಸಿಂಧೂರ, ಮಗುವಿನ ಕಣ್ಣಿಗೆ ಹಚ್ಚುವ ಸುರ್ಮಾ, ಅಂಗಡಿಯ ಕಾಡಿಗೆ, ಭಸ್ಮ ಸೇರಿದ ಔಷಧಿ, ಇವೆಲ್ಲದರಲ್ಲೂ ಸೀಸ ಸಿಕ್ಕಿದೆ. ಎಲ್ಲ ಅರಿಶಿನವೂ ಕೆಟ್ಟದ್ದಲ್ಲ. ಆದರೆ ಕಣ್ಣಿಂದ ನೋಡಿ ಗೊತ್ತಾಗುವುದಿಲ್ಲ. ಅಜ್ಜಿ ಕೊಟ್ಟ ಗುಳಿಗೆ ಇದ್ದರೆ ಡಾಕ್ಟರ ಬಳಿ ಹೋಗುವಾಗ ಡಬ್ಬಿ ಸಮೇತ ಒಯ್ಯಿರಿ. ಗರ್ಭಿಣಿಯರು ಇದನ್ನು ಖಂಡಿತ ಹೇಳಬೇಕು. ತಾಯಿಯ ರಕ್ತದಲ್ಲಿರುವ ಸೀಸ ಹೊಟ್ಟೆಯೊಳಗಿನ ಮಗುವಿಗೂ ಹೋಗುತ್ತದೆ.

“ನಾವೆಲ್ಲ ಹೀಗೇ ಬೆಳೆದಿಲ್ವಾ?” ಅಂತ ಹಿರಿಯರು ಕೇಳುತ್ತಾರೆ. ಅವರಿಗೆ ಬೆಂಗಳೂರಿನ ಮಾತನ್ನೇ ಹೇಳಿ. ಅಲ್ಲಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಮಕ್ಕಳ ರಕ್ತದಲ್ಲಿ ಸೀಸವಿದೆ ಅಂತ ಎಷ್ಟೋ ವರ್ಷ ಹೇಳುತ್ತಾ ಬಂದರು. ಭಾರತದಲ್ಲಿ ಸೀಸ ಹಾಕಿದ ಪೆಟ್ರೋಲ್ 2000ದಲ್ಲಿ ನಿಂತಿತು. ಹೊರಗೆ ಏನೂ ಕಾಣಿಸದಿದ್ದರೂ ಸೀಸ ಮಗುವಿನ ಕಲಿಕೆ, ಗಮನ ಎಲ್ಲವನ್ನೂ ಹಿಂದಕ್ಕೆ ಎಳೆಯುತ್ತದೆ. ನೋಡಿ ಹೇಳಲು ಆಗದ ಕಾರಣವೇ ರಕ್ತಪರೀಕ್ಷೆ.

ರಿಪೋರ್ಟ್‌ನಲ್ಲಿ 3.5 ಮೈಕ್ರೋಗ್ರಾಮ್ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಗಮನ ಕೊಡಬೇಕು. ಇದು ಒಂದು ಡೆಸಿಲೀಟರ್ ರಕ್ತದ ಲೆಕ್ಕ, 2021ರಿಂದ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಇಟ್ಟುಕೊಂಡಿರುವ ಅಂಕಿ. ಬೆರಳು ಚುಚ್ಚಿ ಮಾಡಿದ ಪರೀಕ್ಷೆಯಾದರೆ ಚರ್ಮದ ಮೇಲಿನ ಧೂಳಿನಿಂದಲೂ ಜಾಸ್ತಿ ಬರಬಹುದು. ಆಗ ತೋಳಿನ ರಕ್ತನಾಳದಿಂದ ರಕ್ತ ತೆಗೆಸಿ ಮತ್ತೆ ನೋಡುತ್ತಾರೆ. ಸೀಸ ತೆಗೆಯುವ ಔಷಧಿ ಸಾಮಾನ್ಯವಾಗಿ 45 ಮುಟ್ಟಿದ ಮೇಲೆ. ಅದಕ್ಕಿಂತ ಕಡಿಮೆ ಇದ್ದರೆ ಮೂಲ ಹುಡುಕಿ ತೆಗೆಯುವುದೇ ಚಿಕಿತ್ಸೆ. ಜೊತೆಗೆ ಕ್ಯಾಲ್ಸಿಯಂ, ಕಬ್ಬಿಣದ ಅಂಶ ಇರುವ ಊಟ: ರಾಗಿ, ಸೊಪ್ಪು, ಬೇಳೆ, ಮೇಲೊಂದಿಷ್ಟು ನಿಂಬೆಹಣ್ಣು.

ಇನ್ನು ಮನೆ. ಜೆರ್ಸಿ ಸಿಟಿಯಂಥ ಕಡೆ ಹಳೆಯ ಕಟ್ಟಡಗಳು ತುಂಬಾ. 1978ಕ್ಕೂ ಮುಂಚಿನ ಮನೆಯಾದರೆ ಬಾಡಿಗೆ ಪತ್ರಕ್ಕೆ ಸಹಿ ಹಾಕಿಸುವ ಮೊದಲು ಮಾಲೀಕರು ಸೀಸದ ಮಾಹಿತಿ ಪುಸ್ತಿಕೆ ಕೊಡಲೇಬೇಕು. ಇಂಥ ಹೆಚ್ಚಿನ ಬಾಡಿಗೆ ಮನೆಗಳಿಗೆ ತಪಾಸಣೆಯೂ ಕಡ್ಡಾಯ, ಅದರ ಪ್ರತಿ ಕೇಳಿ. ಕಿಟಕಿ ಅಂಚಿನ ಧೂಳನ್ನು ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಅಡುಗೆಗೆ ತಣ್ಣೀರು ನಲ್ಲಿಯ ನೀರನ್ನೇ ಹಿಡಿಯಿರಿ. ನೀರು ಕಾಯಿಸಿದರೆ ಸೀಸ ಹೋಗುವುದಿಲ್ಲ, ಊರಿನ ಈ ಅಭ್ಯಾಸ ಇಲ್ಲಿ ಉಪಯೋಗಕ್ಕೆ ಬಾರದು.

ಮಗು ಏನಾದರೂ ನುಂಗಿದರೆ, ಅನುಮಾನ ಬಂದರೆ, ಪಾಯ್ಸನ್ ಕಂಟ್ರೋಲ್ ಎಂಬ ವಿಷ ಸಹಾಯವಾಣಿಗೆ ಫೋನ್ ಮಾಡಿ: 1-800-222-1222. ದಿನದ 24 ಗಂಟೆಯೂ ಉಚಿತ. ಸೀಸದ ಬಗ್ಗೆಯೇ ಮಾಹಿತಿ ಬೇಕಿದ್ದರೆ ಅಮೆರಿಕದ ಕೇಂದ್ರ ಸರ್ಕಾರದ ಸಹಾಯವಾಣಿ 1-800-424-5323. ಇನ್ಶೂರೆನ್ಸ್ ಇಲ್ಲವೆಂದು ಪರೀಕ್ಷೆ ಬಿಡಬೇಡಿ. ನೀವು ಈಗ ಇರುವ ಊರಿನ ಆರೋಗ್ಯ ಇಲಾಖೆಯಲ್ಲಿ ವಿಚಾರಿಸಿ. ಆದಾಯ ಕಡಿಮೆಯಿದ್ದರೆ, ವೀಸಾ ಯಾವುದೇ ಇರಲಿ, ಮಕ್ಕಳಿಗೆ ನ್ಯೂಜೆರ್ಸಿ ಫ್ಯಾಮಿಲಿಕೇರ್ ಎಂಬ ಸರ್ಕಾರಿ ಆರೋಗ್ಯ ವಿಮೆ ಸಿಗಬಹುದು.

ಇಂಗ್ಲಿಷ್‌ನಲ್ಲಿ ಮಾತಾಡಲು ಹಿಂಜರಿಕೆ ಇದ್ದರೆ ಭಾಷಾಂತರ ಮಾಡುವವರನ್ನು ಕೊಡಿ ಅಂತ ಕೇಳಿ. ಇಲ್ಲವೇ ನಮ್ಮ ಸಂಘಕ್ಕೆ ಹೇಳಿ, ನಮ್ಮಲ್ಲೊಬ್ಬರು ನಿಮ್ಮ ಜೊತೆ ಲೈನಿನಲ್ಲಿ ಇರುತ್ತಾರೆ. ಫೋನ್ ಮಾಡುವಾಗ ರಿಪೋರ್ಟ್, ಪುಡಿಯ ಪೊಟ್ಟಣ, ಔಷಧಿ ಡಬ್ಬಿ ಕೈಯಲ್ಲಿಟ್ಟುಕೊಳ್ಳಿ.