ಎದೆಗೆ ಕೆಂಪು ಪಟ್ಟಿಯಿರುವ ಸೂರಕ್ಕಿ: ಚಿಕ್ಕದೋ, ದೊಡ್ಡದೋ?

ದಕ್ಷಿಣ ಆಫ್ರಿಕಾಕ್ಕೆ ಹೋಗಿ ಬಂದವರು ಫೋಟೊ ಕಳಿಸಿದ್ದಾರೆ ಅನ್ನಿ. ಪ್ರೋಟಿಯಾ ಹೂವಿನ ಮೇಲೆ ಸೂರಕ್ಕಿ. ಹಸಿರು ಬೆನ್ನು, ಎದೆಗೆ ಕೆಂಪು ಪಟ್ಟಿ. ಅದು ಲೆಸ್ಸರ್ ಡಬಲ್‌ಕಾಲರ್ಡ್ ಸನ್‌ಬರ್ಡೋ, ಗ್ರೇಟರೋ? ಸುಮ್ನೆ ಚಿಕ್ಕದು, ದೊಡ್ಡದು ಅನ್ನೋಣ. ಚಿಕ್ಕದು ಸುಮಾರು 12 ಸೆಂ.ಮೀ., ದೊಡ್ಡದು 14. ಫೋಟೊದಲ್ಲಿ ಈ ವ್ಯತ್ಯಾಸ ಕಾಣುವುದಿಲ್ಲ, ಅಲ್ವಾ?

ಮೊದಲು ಹೊಳಪನ್ನು ಮರೆತುಬಿಡಿ. ಆ ಹಸಿರು, ನೀಲಿ ಮಿನುಗು ಗರಿಯ ಮೇಲೆ ಬೆಳಕು ಬೀಳುವ ಕೋನದ ಆಟ. ಹಕ್ಕಿ ಕತ್ತು ಹೊರಳಿಸಿದರೆ ಹಸಿರು ನೀಲಿಯಾಗುತ್ತದೆ, ನೆರಳಿಗೆ ಹೋದರೆ ಕಪ್ಪಾಗುತ್ತದೆ. ಎದೆಯ ಕೆಂಪು ಹಾಗಲ್ಲ. ರೆಕ್ಕೆ ಬುಡದ ಹಳದಿ ಕುಚ್ಚು ಎರಡಕ್ಕೂ ಇದೆ, ಅದರಿಂದ ಉಪಯೋಗವಿಲ್ಲ.

ಈಗ ಪಟ್ಟಿಯನ್ನು ಝೂಮ್ ಮಾಡಿ. ಮೇಲೊಂದು ತೆಳು ನೀಲಿ ಗೆರೆ, ಅದರ ಕೆಳಗೆ ಕೆಂಪು. ಚಿಕ್ಕದರಲ್ಲಿ ಈ ಕೆಂಪು ಸುಮಾರು 1 ಸೆಂ.ಮೀ., ಎದೆಗೆ ರಿಬ್ಬನ್ ಸುತ್ತಿದ ಹಾಗೆ. ದೊಡ್ಡದರಲ್ಲಿ ಹೆಚ್ಚುಕಡಿಮೆ ಎರಡರಷ್ಟು, ಹೊಟ್ಟೆಯ ಕಡೆಗೆ ಇಳಿದಿರುತ್ತದೆ. ಆದರೆ ಇಲ್ಲೇ ಜಾಸ್ತಿ ಜನ ಮೋಸ ಹೋಗುವುದು, ನಾನೂ ಹೋಗಿದ್ದೇನೆ. ಚಳಿಗೆ ಗರಿ ಉಬ್ಬಿಸಿ ಕೂತ ಚಿಕ್ಕದರ ಪಟ್ಟಿ ಅಗಲ ಕಾಣುತ್ತದೆ. ಹೂವಿನೊಳಗೆ ಬಾಗಿದ ದೊಡ್ಡದರ ಪಟ್ಟಿ ಮಡಚಿಕೊಂಡು ಸಣ್ಣದಾಗುತ್ತದೆ. ಅದೇ ಹಕ್ಕಿ ನೆಟ್ಟಗೆ ಕೂತ ಇನ್ನೊಂದು ಫೋಟೊ ಇದೆಯಾ ಕೇಳಿ.

ಆಮೇಲೆ ಕೊಕ್ಕು. ಪಕ್ಕದಿಂದ ತೆಗೆದ ಫೋಟೊವೇ ಬೇಕು. ಒಂದು ಕಾಗದದ ಚೂರನ್ನು ಪರದೆ ಮೇಲಿಟ್ಟು ಕೊಕ್ಕಿನ ಉದ್ದ ಗುರುತು ಹಾಕಿ, ಅದನ್ನೇ ತಲೆಗೆ ಹಿಡಿದು ನೋಡಿ. ದೊಡ್ಡದರ ಕೊಕ್ಕು ತಲೆಗಿಂತ ಎದ್ದು ಕಾಣುವಷ್ಟು ಉದ್ದ, ದಪ್ಪವೂ ಹೌದು. ನಮ್ಮಲ್ಲಿ ಲೋಟನ್ ಸೂರಕ್ಕಿಯನ್ನು ನೇರಳೆ ಸೂರಕ್ಕಿಯಿಂದ ಬೇರೆ ಮಾಡುವಾಗಲೂ ಮೊದಲು ನೋಡುವುದು ಕೊಕ್ಕನ್ನೇ.

ಎಲ್ಲಿ ತೆಗೆದದ್ದು ಅಂತಲೂ ಕೇಳಿ. ಕೇಪ್‌ಟೌನ್ ಸುತ್ತಮುತ್ತ, ಕರ್ಸ್ಟನ್‌ಬಾಷ್ ತೋಟದಲ್ಲಿ ಎಂದರೆ ಚಿಕ್ಕದೇ ಇರಬಹುದು. ನೈಸ್ನಾ ಕಡೆ ಎರಡೂ ಸಿಗುತ್ತವೆ, ಅಲ್ಲಿ ಪಟ್ಟಿ, ಕೊಕ್ಕು ಎರಡನ್ನೂ ನೋಡದೆ ಹೇಳಬೇಡಿ.

ಹೆಣ್ಣಾದರೆ ಪಟ್ಟಿಯೇ ಇಲ್ಲ, ಬರೀ ಬೂದುಗಂದು. ಕೊಕ್ಕು, ಜಾಗ ಎರಡೇ ದಿಕ್ಕು. ಅಷ್ಟಕ್ಕೂ ತಿಳಿಯದಿದ್ದರೆ ‘ಡಬಲ್‌ಕಾಲರ್ಡ್, ಹೆಣ್ಣು’ ಅಂತ ಬರೆದಿಟ್ಟು ಮುಂದಿನ ಫೋಟೊ ತೆರೆಯಿರಿ.