ಅಪರಾಧಿಯ ಪ್ರೊಫೈಲ್ ವರದಿಯನ್ನು ನಾನು ಒರೆಗೆ ಹಚ್ಚುವ ಬಗೆ

ಕೃತ್ಯ ನಡೆದ ರೀತಿ ನೋಡಿ ಅದನ್ನು ಎಸಗಿದವನು ಎಂಥವನಿರಬಹುದು ಎಂದು ಊಹಿಸುವ ಪ್ರೊಫೈಲ್ ವರದಿ ಕೈಗೆ ಬಂದ ಕೂಡಲೇ ಅದನ್ನು ಒಂದೊಂದು ಹೇಳಿಕೆಯಾಗಿ ಬಿಡಿಸಿಡುತ್ತೇನೆ. ಪ್ರತಿ ಹೇಳಿಕೆಗೂ ನಾಲ್ಕು ಕಾಲಂ: ಹೇಳಿದ್ದೇನು, ಸ್ಥಳ ಮಹಜರು ಅಥವಾ ಮರಣೋತ್ತರ ವರದಿಯ ಯಾವ ಅಂಶದಿಂದ ಹೇಳಿದ್ದು, ಆ ಅಂಶದಿಂದ ಈ ತೀರ್ಮಾನಕ್ಕೆ ಬರಲು ಯಾವ ಅಧ್ಯಯನದ ಬೆಂಬಲವಿದೆ, ಏನು ಸಿಕ್ಕರೆ ಇದು ಸುಳ್ಳಾಗುತ್ತದೆ. ಕೊನೆಯ ಎರಡು ಕಾಲಂ ಖಾಲಿ ಉಳಿದ ಸಾಲು ತನಿಖಾಧಿಕಾರಿಯ ಪ್ರತಿಗೆ ಹೋಗುವುದಿಲ್ಲ.

"ಒಂಟಿ ಸ್ವಭಾವದವನು, ಹೆಂಗಸರೊಂದಿಗೆ ಬೆರೆಯಲು ಬಾರದವನು" ಎಂಬ ಸಾಲು ಅರ್ಧ ಬೀದಿಗೆ ಹೊಂದುತ್ತದೆ, ಯಾರು ಸಿಕ್ಕಿಬಿದ್ದರೂ ಸರಿ ಎನಿಸುತ್ತದೆ. "ಈ ಕಾಲುದಾರಿ ಮೊದಲೇ ಗೊತ್ತಿದ್ದವನು" ಎಂಬುದನ್ನಾದರೆ ಪರೀಕ್ಷಿಸಬಹುದು. ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಲಾರೆನ್ಸ್ ಆಲಿಸನ್ ಮತ್ತು ಸಂಗಡಿಗರು 2003ರಲ್ಲಿ 21 ಪ್ರೊಫೈಲ್‌ಗಳನ್ನು ಹೀಗೇ ಬಿಡಿಸಿದಾಗ, ಸುಮಾರು 4000 ಹೇಳಿಕೆಗಳಲ್ಲಿ ಶೇ. 80ರಷ್ಟಕ್ಕೆ ಆಧಾರವನ್ನೇ ಕೊಟ್ಟಿರಲಿಲ್ಲ.

ಬುಡದಲ್ಲೇ ಒಂದು ತೊಡಕಿದೆ. ಒಂದೇ ರೀತಿ ಕೃತ್ಯ ಎಸಗುವವರು ಒಂದೇ ರೀತಿಯ ಜನ ಎಂಬ ನಂಬಿಕೆಯ ಮೇಲೆ ಪ್ರೊಫೈಲ್ ನಿಂತಿರುತ್ತದೆ. ಸಂಶೋಧಕ ಮೊಕ್ರೋಸ್ ಮತ್ತು ಅದೇ ಆಲಿಸನ್ 2002ರಲ್ಲಿ 100 ಅತ್ಯಾಚಾರಿಗಳ ದಾಖಲೆ ತಾಳೆ ನೋಡಿದರು. ಕೃತ್ಯದ ರೀತಿ ಹೋಲುತ್ತಿದ್ದವರ ನಡುವೆ ವಯಸ್ಸು, ಹಿನ್ನೆಲೆ, ಹಳೆಯ ಶಿಕ್ಷೆಗಳಲ್ಲಿ ಅಂಥ ಹೋಲಿಕೆ ಕಾಣಲಿಲ್ಲ. ಹಾಗಾಗಿ ಉದ್ಯೋಗ, ಮದುವೆ, ಓದಿನ ಬಗ್ಗೆ ಹೇಳುವ ಸಾಲುಗಳನ್ನು ನಾನು ಅತಿ ಕಡಿಮೆ ನಂಬುತ್ತೇನೆ.

ಇಷ್ಟು ಬಿಗಿ ಏಕೆ ಎಂದರೆ ಲಂಡನ್ನಿನ ವಿಂಬಲ್ಡನ್ ಕಾಮನ್ ಪ್ರಕರಣ ನೋಡಬೇಕು. 1992ರ ಜುಲೈ 15ರಂದು ಅಲ್ಲಿ ರೇಚಲ್ ನಿಕೆಲ್ ಎಂಬ ಯುವತಿಯ ಕೊಲೆಯಾಯಿತು. ಮನಶ್ಶಾಸ್ತ್ರಜ್ಞರ ಪ್ರೊಫೈಲ್‌ಗೆ ಕಾಲಿನ್ ಸ್ಟ್ಯಾಗ್ ಹೊಂದುತ್ತಾನೆಂದು ಪೊಲೀಸರು ಅವನ ಹಿಂದೆ ಬಿದ್ದರು. ಮಹಿಳಾ ಪೊಲೀಸ್ ಒಬ್ಬರು ವೇಷ ಮರೆಸಿ, ಪ್ರೀತಿಯ ಆಸೆ ತೋರಿಸಿ, ತಿಂಗಳುಗಟ್ಟಲೆ ಪತ್ರ ಬರೆದರು. ಆ ಕೊಲೆ ಮಾಡಿದವನು ನೀನಾಗಿದ್ದರೆ ಚೆನ್ನಿತ್ತು ಎಂಬಂತೆ ಕೂಡ ಅವರು ಮಾತಾಡಿದರು. ಸ್ಟ್ಯಾಗ್ ಮಾತ್ರ "ಕೊಂದದ್ದು ನಾನಲ್ಲ" ಎಂದೇ ಅಂದ. ಒಂದು ವರ್ಷಕ್ಕೂ ಹೆಚ್ಚು ಜೈಲಿನಲ್ಲಿ ಕಳೆದ. 1994ರಲ್ಲಿ ನ್ಯಾಯಾಧೀಶ ಆಗ್ನಲ್ ಆ ಸಾಕ್ಷ್ಯವನ್ನೇ ತಳ್ಳಿಹಾಕಿದರು. ನಿಜವಾದ ಕೊಲೆಗಾರ ರಾಬರ್ಟ್ ನ್ಯಾಪರ್ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡದ್ದು 2008ರಲ್ಲಿ, ಡಿಎನ್‌ಎ ಅವನತ್ತ ಬೆರಳು ತೋರಿದ ಮೇಲೆ. ಅಷ್ಟರಲ್ಲಿ, 1993ರ ನವೆಂಬರ್‌ನಲ್ಲೇ, ಅವನು ಇನ್ನೊಬ್ಬ ತಾಯಿಯನ್ನೂ ಪುಟ್ಟ ಮಗಳನ್ನೂ ಕೊಂದಿದ್ದ.

ಪ್ರೊಫೈಲ್ ಬರೆದವರೇ ಶಂಕಿತನನ್ನು ಬಲೆಗೆ ಬೀಳಿಸುವ ಯೋಜನೆಗೂ ಸಲಹೆ ಕೊಟ್ಟದ್ದು ಅಲ್ಲಿ ನನಗೆ ಎಲ್ಲಕ್ಕಿಂತ ಕಳವಳ ತರುವ ಸಂಗತಿ. ತಮ್ಮ ಊಹೆ ತಪ್ಪೆಂದು ಹೇಳಬೇಕಾದವರು ಅವರೇ ಆಗಿಬಿಟ್ಟರು. ಆದ್ದರಿಂದ ವರದಿ ಬರೆಯುವವರಿಗೆ ಶಂಕಿತರ ಹೆಸರು, ಫೋಟೋ ಯಾವುದನ್ನೂ ತೋರಿಸುವುದಿಲ್ಲ. ವರದಿಗೆ ದಿನಾಂಕ, ಸಹಿ ಹಾಕಿಸಿ ಮೊಹರು ಮಾಡುತ್ತೇನೆ. ಬಂಧನವಾದ ಮೇಲೆ ತಿದ್ದುವಂತಿಲ್ಲ. ಯಾವ ಶಂಕಿತನನ್ನು ಮೊದಲು ವಿಚಾರಿಸಬೇಕು ಎಂಬ ಕ್ರಮಕ್ಕಷ್ಟೇ ಅದನ್ನು ಬಳಸಬಹುದು, ರಿಮಾಂಡ್ ಅರ್ಜಿಗೆ ಅಲ್ಲ.

ನಮ್ಮಲ್ಲೂ ಕಾನೂನು ಈ ದಿಕ್ಕಿನಲ್ಲೇ ಇದೆ. ಆರೋಪಿಯ ಕೆಟ್ಟ ನಡತೆ ಸಾಮಾನ್ಯವಾಗಿ ಸಾಕ್ಷ್ಯವಲ್ಲ ಎಂದು ಹಳೆಯ ಸಾಕ್ಷ್ಯ ಕಾಯ್ದೆಯ 54ನೇ ಕಲಂ ಹೇಳುತ್ತಿತ್ತು. ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ, ಸುಳ್ಳುಪತ್ತೆ ಪರೀಕ್ಷೆ ಮಾಡುವಂತಿಲ್ಲ ಎಂದು 2010ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತದ್ದು ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲೇ.

ಕೇಸು ಮುಗಿದ ಮೇಲೆ ಅದೇ ಹಾಳೆಗೆ ಐದನೇ ಕಾಲಂ ಸೇರಿಸುತ್ತೇನೆ: ಸರಿ, ತಪ್ಪು, ತಿಳಿಯದು. "ತಿಳಿಯದು" ಬಂದದ್ದನ್ನು ಸರಿಯ ಲೆಕ್ಕಕ್ಕೆ ಸೇರಿಸುವುದಿಲ್ಲ.